ದಾರಿಯ ನುಡಿ: ಹೊರಸಂಚಾರದಲ್ಲಿ ಇಂಗ್ಲಿಷು ಕಲಿಯುವ ಬಗೆ

ಗಡಿನಾಡಿನ ಕನ್ನಡ ಮನೆಗಳ ಮಕ್ಕಳು ಒಂದು ದಿನದಲ್ಲಿ ಎಷ್ಟು ನುಡಿಗಳನ್ನು ದಾಟಿ ಹೋಗುತ್ತಾರೆಂಬುದನ್ನು ನಾವು ಎಣಿಸಿ ನೋಡುವುದು ಅಪರೂಪ. ಕಾಸರಗೋಡಿನ ಮಗುವಿಗೆ ಮನೆಯಲ್ಲಿ ಕನ್ನಡ, ನೆರೆಯಲ್ಲಿ ತುಳು, ಅಂಗಡಿಯಲ್ಲೂ ಬಸ್ಸಿನಲ್ಲೂ ಮಲಯಾಳ, ಪಾಠದಲ್ಲಿ ಇಂಗ್ಲಿಷು. ಸೊಲ್ಲಾಪುರದ ಮಗುವಿಗೆ ಮಲಯಾಳದ ಸ್ಥಾನದಲ್ಲಿ ಮರಾಠಿ. ಹೊಸೂರಿನ ಮಗುವಿಗೆ ತಮಿಳು. ಆದವಾನಿಯ ಮಗುವಿಗೆ ತೆಲುಗು. ಇಂಥ ಮಕ್ಕಳಿಗೆ ಭಾಷೆ ಕಲಿಯುವ ಶಕ್ತಿಯ ಕೊರತೆಯಿಲ್ಲ.

ಆದರೂ ಒಂದು ವಿಚಿತ್ರವನ್ನು ನಾವೆಲ್ಲ ಕಾಣುತ್ತಿದ್ದೇವೆ. ಇಂಗ್ಲಿಷು ಪಾಠದಲ್ಲಿ ಬ್ರೂಕ್, ಮೆಡೊ ಎಂಬ ಶಬ್ದಗಳನ್ನು ಬಾಯಿಪಾಠ ಮಾಡಿದ ಮಗುವಿಗೆ, ಮನೆಯ ಹಿಂದೆ ಹರಿಯುವ ತೋಡನ್ನು ಆ ಭಾಷೆಯಲ್ಲಿ ಏನೆನ್ನಬೇಕೆಂದು ತೋಚುವುದಿಲ್ಲ. ಇನ್ನು ಕೆಲವು ಮಕ್ಕಳಿಗೆ ಸ್ಟ್ರೀಮ್ ಎಂಬುದು ಗೊತ್ತು, ತೋಡು ಎಂಬುದೇ ಗೊತ್ತಿಲ್ಲ. ಮೊದಲನೆಯದು ಸಣ್ಣ ಕೊರತೆ, ಪುಸ್ತಕದಿಂದ ತುಂಬಿಕೊಳ್ಳಬಹುದು. ಎರಡನೆಯದು ದೊಡ್ಡ ನಷ್ಟ. ಅದನ್ನು ತುಂಬಿಕೊಡುವ ಪುಸ್ತಕ ಸುಲಭವಾಗಿ ಸಿಗದು. ಈ ಎರಡಕ್ಕೂ ಒಂದೇ ಮದ್ದು ಉಂಟೆಂದು ನಮ್ಮ ಎಣಿಕೆ: ಮನೆಮಂದಿ ಕೂಡಿ ಹೊರಸಂಚಾರ ಹೋಗುವುದು, ಕಂಡ ವಸ್ತುವಿಗೆ ಕನ್ನಡದ ಹೆಸರನ್ನೂ ಇಂಗ್ಲಿಷಿನ ಹೆಸರನ್ನೂ ಜೊತೆಜೊತೆಯಾಗಿ ಹೇಳುವುದು.

ಹೊರಡುವ ಮುನ್ನ

ನಾವು ಪ್ರಯಾಣ, ಪ್ರವಾಸ, ಯಾತ್ರೆ ಎಂದು ಬೇರ್ಪಡಿಸುವಂತೆ ಇಂಗ್ಲಿಷಿನವರೂ ಬೇರ್ಪಡಿಸುತ್ತಾರೆ. ಆದರೆ ಅವರ ಗೆರೆಗಳು ಬೇರೆ ಕಡೆಯಲ್ಲಿವೆ. ಟ್ರಾವೆಲ್ ಎಂಬುದು ಪ್ರಯಾಣವೆಂಬ ಸಾಮಾನ್ಯ ಕ್ರಿಯೆ. ಅದರ ಮೂಲ ಕಷ್ಟಪಡುವುದೆಂಬ ಅರ್ಥದ ಹಳೆಯ ಫ್ರೆಂಚ್ ಶಬ್ದ. ಹಿಂದಿನ ಕಾಲದ ದಾರಿ ಎಂಥದೆಂಬುದನ್ನು ಆ ಶಬ್ದವೇ ಹೇಳುತ್ತದೆ. ಜರ್ನಿ ಎಂದರೆ ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುವ ಪಯಣ. ಒಂದು ದಿನದ ನಡಿಗೆ ಎಂಬುದು ಅದರ ಮೂಲಾರ್ಥ. ಹೋಗಿ ಮರಳಿ ಬರುವುದು ಟ್ರಿಪ್. ಹಲವು ಸ್ಥಳಗಳನ್ನು ಸುತ್ತಿ ನೋಡುವುದು ಟೂರ್. ಕಡಲಿನ ದೀರ್ಘಯಾನ ವಾಯೇಜ್. ಶಾಲೆಯವರು ಮಕ್ಕಳನ್ನು ಕರೆದೊಯ್ಯುವುದು ಎಕ್ಸ್‌ಕರ್ಷನ್. ಬುತ್ತಿ ಕಟ್ಟಿಕೊಂಡು ಹೋಗಿ ಮರದ ನೆರಳಿನಲ್ಲಿ ಉಣ್ಣುವುದು ಪಿಕ್‌ನಿಕ್. ಗುಡ್ಡ ಬಯಲುಗಳಲ್ಲಿ ದೂರ ನಡೆಯುವುದು ಹೈಕ್. ಕಠಿಣವಾದ ಹಲವು ದಿನಗಳ ನಡಿಗೆ ಟ್ರೆಕ್.

ಬುತ್ತಿಗೆ ಇಂಗ್ಲಿಷಿನಲ್ಲಿ ಪ್ಯಾಕ್ಡ್ ಲಂಚ್ ಎನ್ನಬಹುದು. ಆದರೆ ಬಾಳೆಲೆಯ ವಾಸನೆ ಆ ಮಾತಿಗೆ ಬರಲಾರದು. ಇದನ್ನು ಮಕ್ಕಳಿಗೆ ಹೇಳಬೇಕು. ಒಂದು ಭಾಷೆಯ ಶಬ್ದ ಇನ್ನೊಂದರ ಶಬ್ದಕ್ಕೆ ಸರಿಸಮನಾಗಿ ಕೂರುವುದಿಲ್ಲವೆಂಬ ಅರಿವೇ ಭಾಷಾಕಲಿಕೆಯ ಮೊದಲ ಮೆಟ್ಟಲು.

ಸ್ಟೇಷನ್ನಿನಲ್ಲಿ

ಟಿಕೆಟ್ಟು, ಪ್ಲಾಟ್‌ಫಾರ್ಮು, ಲಗೇಜು, ಸೀಟು ಇವು ನಮ್ಮ ಅಜ್ಜಿಯರ ಬಾಯಿಯಲ್ಲೂ ಕನ್ನಡವೇ ಆಗಿಬಿಟ್ಟಿವೆ. ಕಲಿಯಬೇಕಾದದ್ದು ಅವುಗಳ ಸುತ್ತಲಿನ ಸಣ್ಣ ಮಾತುಗಳನ್ನು. ಕನ್ನಡದಲ್ಲಿ ಬಸ್ಸಿಗೂ ಹತ್ತುತ್ತೇವೆ, ಕಾರಿಗೂ ಹತ್ತುತ್ತೇವೆ. ಇಂಗ್ಲಿಷಿನಲ್ಲಿ ಬಸ್ಸು, ರೈಲುಗಳಿಗೆ ಗೆಟ್ ಆನ್, ಇಳಿಯುವಾಗ ಗೆಟ್ ಆಫ್. ಕಾರಿಗೆ ಗೆಟ್ ಇನ್, ಇಳಿಯುವಾಗ ಗೆಟ್ ಔಟ್. ಬೈ ಬಸ್, ಬೈ ಟ್ರೈನ್ ಎಂಬುವುದರ ಸಾಲಿನಲ್ಲಿ ಬೈ ವಾಕ್ ಎಂದು ಹೇಳುವ ರೂಢಿ ನಮ್ಮಲ್ಲಿ ಹರಡಿದೆ. ನಡೆದು ಹೋಗುವುದಕ್ಕೆ ಸರಿಯಾದ ಮಾತು ಆನ್ ಫುಟ್. ಊರಿನಲ್ಲಿಲ್ಲ ಎನ್ನಲು ನಾವು ಬಳಸುವ ಔಟ್ ಆಫ್ ಸ್ಟೇಷನ್ ಎಂಬ ಮಾತು ಭಾರತದ ಇಂಗ್ಲಿಷಿನದು. ಬ್ರಿಟಿಷ್ ಅಧಿಕಾರಿಗಳು ತಾವು ನೇಮಕಗೊಂಡ ಊರನ್ನು ಸ್ಟೇಷನ್ ಎಂದು ಕರೆಯುತ್ತಿದ್ದ ಕಾಲದ ಉಳಿಕೆ ಅದು. ಹೊರದೇಶಗಳಲ್ಲಿ ಔಟ್ ಆಫ್ ಟೌನ್ ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಪಕ್ಕದ ಜಾಗ ಖಾಲಿಯೇ ಎಂದು ಕೇಳಲು, ಈಸ್ ದಿಸ್ ಸೀಟ್ ಟೇಕನ್? ಕೋಟೆಗೆ ಎಷ್ಟು ದೂರ ಎಂದು ಕೇಳಲು, ಹೌ ಫಾರ್ ಈಸ್ ಇಟ್ ಟು ದ ಫೋರ್ಟ್? ಇಂಥ ನಾಲ್ಕಾರು ವಾಕ್ಯಗಳನ್ನು ಮಕ್ಕಳು ಪ್ರಯಾಣದಲ್ಲೇ ಆಡಿ ನೋಡಲಿ. ನಾಚಿಕೆ ಕಳೆಯುವುದು ಆಡುವುದರಿಂದಲೇ.

ಬೇಕಲದ ಕೋಟೆಯಲ್ಲಿ

ಕಾಸರಗೋಡಿನಿಂದ ರೈಲು ದಕ್ಷಿಣಕ್ಕೆ ಹೊರಟರೆ ಚಂದ್ರಗಿರಿ ಹೊಳೆ ಎದುರಾಗುತ್ತದೆ. ಹೊಳೆ ರಿವರ್, ಸೇತುವೆ ಬ್ರಿಡ್ಜ್, ದೋಣಿ ದಾಟಿಸುವ ಕಡವು ಫೆರಿ. ಹೊಳೆ ಕಡಲನ್ನು ಸೇರುವಲ್ಲಿನ ಅಳಿವೆಗೆ ಎಸ್ಚುಅರಿ ಎಂಬ ಹೆಸರು. ಕಾಲೇಜು ಮೆಟ್ಟಲು ಹತ್ತಿದವರಿಗೂ ಎಸ್ಚುಅರಿ ಕಷ್ಟದ ಶಬ್ದ. ಅಳಿವೆಯನ್ನು ಕಣ್ಣಾರೆ ಕಂಡ ಮಗು ಅದನ್ನು ಮರೆಯಲಾರದು.

ಬೇಕಲದಲ್ಲಿ 17ನೆಯ ಶತಮಾನದ ಕೋಟೆಯುಂಟು. ಕೆಳದಿಯ ಶಿವಪ್ಪ ನಾಯಕನು ಕಟ್ಟಿಸಿದನೆಂದು ಹೇಳುತ್ತಾರೆ. ಕೋಟೆ ಫೋರ್ಟ್, ಕೊತ್ತಳ ಬ್ಯಾಸ್ಟಿಯನ್, ಕಾವಲು ಬುರುಜು ವಾಚ್‌ಟವರ್. ಕೆಳಗಿನ ಹೊಯಿಗೆಯ ಹರವು ಬೀಚ್, ನೀರಿನ ಅಂಚು ಶೋರ್, ನಾಡಿನುದ್ದಕ್ಕೂ ಹಬ್ಬಿದ ಕರಾವಳಿ ಕೋಸ್ಟ್. ಉಬ್ಬರ ಹೈ ಟೈಡ್, ಇಳಿತ ಲೋ ಟೈಡ್.

ಕೋಟೆಯ ಗೋಡೆಯನ್ನು ಮುಟ್ಟಿ ನೋಡಿಸಿರಿ. ಅದು ನಮ್ಮ ಮನೆಗಳ ಮುರಕಲ್ಲೇ. ಅದರ ಇಂಗ್ಲಿಷು ಹೆಸರು ಲ್ಯಾಟರೈಟ್. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು 1800-01ರಲ್ಲಿ ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳನ್ನು ಸಂಚರಿಸಿ, 1807ರಲ್ಲಿ ತನ್ನ ಪ್ರವಾಸಗ್ರಂಥವನ್ನು ಪ್ರಕಟಿಸಿದನು. ನೆಲದಲ್ಲಿದ್ದಾಗ ಕೊಡಲಿಯಿಂದ ಕಡಿಯುವಷ್ಟು ಮೆದುವಾಗಿದ್ದು ಗಾಳಿಗೆ ಬಂದ ಮೇಲೆ ಗಟ್ಟಿಯಾಗುವ ಈ ಕಲ್ಲನ್ನು ಮಲಬಾರಿನಲ್ಲಿ ಕಂಡು, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಆ ಹೆಸರನ್ನು ಕಟ್ಟಿದವನು ಅವನೇ. ಜಗತ್ತಿನ ಭೂವಿಜ್ಞಾನಿಗಳೆಲ್ಲ ಬಳಸುವ ಶಬ್ದವೊಂದು ನಮ್ಮ ಸೀಮೆಯ ಕಲ್ಲಿನಿಂದ ಹುಟ್ಟಿತೆಂದು ತಿಳಿದ ಮಗುವಿಗೆ ಇಂಗ್ಲಿಷು ಪರಕೀಯವೆನಿಸದು.

ತೋಟದ ದಾರಿಯಲ್ಲಿ

ದೂರ ಹೋಗಲು ಅನುಕೂಲವಿಲ್ಲದವರು ಅಜ್ಜನ ಮನೆಯ ತೋಟಕ್ಕೆ ಹೋದರೂ ಸಾಕು. ಕಾಲುದಾರಿ ಫುಟ್‌ಪಾತ್, ಗುಡ್ಡೆ ಹಿಲ್, ಇಳಿಜಾರು ಸ್ಲೋಪ್, ಕಣಿವೆ ವ್ಯಾಲಿ, ಬೇಲಿ ಫೆನ್ಸ್. ಗಿಡಗಳನ್ನೇ ಒತ್ತಾಗಿ ನೆಟ್ಟ ಜೀವಂತ ಬೇಲಿಯಾದರೆ ಹೆಜ್. ದನಗಳು ನುಗ್ಗದಂತೆ, ಮನುಷ್ಯರು ಮಾತ್ರ ದಾಟುವಂತೆ ಬೇಲಿಯಲ್ಲಿ ಮಾಡಿದ ತಡಮೆಗೆ ಸ್ಟೈಲ್ ಎಂಬ ಹೆಸರುಂಟು. ಇಂಗ್ಲೆಂಡಿನ ಹಳ್ಳಿಗಳಲ್ಲಿಯೂ ಅಂಥದೇ ಏರ್ಪಾಡು ಇದೆ. ತೋಡಿನ ಮೇಲಿನ ಸಂಕ ಫುಟ್‌ಬ್ರಿಡ್ಜ್. ಮಳೆಗಾಲದಲ್ಲಿ ಕಾಲಿಗೆ ಹತ್ತುವ ಉಂಬಳ ಲೀಚ್.

ಈ ತೋಟದಲ್ಲಿ ನಮ್ಮಿಂದ ಇಂಗ್ಲಿಷಿಗೆ ಹೋದ ಶಬ್ದಗಳೂ ಉಂಟು. ಅಡಕೆಯ ಅರೆಕ, ವೀಳ್ಯದೆಲೆಯ ಬೀಟಲ್, ಹಲಸಿನ ಜ್ಯಾಕ್, ನಾರಿನ ಹಗ್ಗದ ಕಾಯರ್, ತೇಗದ ಟೀಕ್ ಇವೆಲ್ಲ ಮಲಯಾಳದ ಕಡಲತಡಿಯಿಂದ, ಬಹುಮಟ್ಟಿಗೆ ಪೋರ್ಚುಗೀಸರ ಕೈದಾಟಿ, ಇಂಗ್ಲಿಷನ್ನು ಸೇರಿದುವು. ಅಡಕ್ಕ, ತೇಕ್ಕು ಎಂಬ ಆ ಮಲಯಾಳ ಶಬ್ದಗಳು ನಮ್ಮ ಅಡಕೆ, ತೇಗಗಳ ಒಡಹುಟ್ಟುಗಳೇ. ನೆರೆಯ ಭಾಷೆಯನ್ನು ಹಗೆಯೆಂದು ಕಾಣದೆ ನೆಂಟನೆಂದು ಕಾಣಲು ಇಂಥ ಶಬ್ದಗಳು ಮಕ್ಕಳಿಗೆ ನೆರವಾಗುತ್ತವೆ.

ಇಂಗ್ಲಿಷಿನಲ್ಲಿ ಒಂದೇ ಶಬ್ದಕ್ಕೆ ಸಿಗದ ವಸ್ತುಗಳೂ ನಮ್ಮಲ್ಲಿವೆ. ಗುಡ್ಡದ ಹೊಟ್ಟೆಯಲ್ಲಿ ಅಡ್ಡಲಾಗಿ ಕೊರೆದು ನೀರನ್ನು ತಾನಾಗಿ ಹೊರಗೆ ಹರಿಸುವ ಕಾಸರಗೋಡಿನ ಸುರಂಗವನ್ನು ಬರಿದೆ ಟನೆಲ್ ಎಂದರೆ ಕೇಳುವವರು ರೈಲುದಾರಿಯೆಂದು ತಿಳಿದಾರು. ಅಂಥಲ್ಲಿ ನಮ್ಮ ಶಬ್ದವನ್ನೇ ಉಳಿಸಿಕೊಂಡು, ಅದೇನೆಂದು ಒಂದು ಇಂಗ್ಲಿಷು ವಾಕ್ಯದಲ್ಲಿ ವಿವರಿಸುವುದನ್ನು ಮಗು ಕಲಿಯಬೇಕು. ಪಾಂಡಿತ್ಯ ಇರುವುದು ಅಲ್ಲಿಯೇ.

ಬೇರೆ ಗಡಿಗಳ ಓದುಗರಿಗೂ ಅವರವರ ಪಾಠಶಾಲೆ ಹತ್ತಿರದಲ್ಲೇ ಇದೆ. ನೀಲಗಿರಿಯವರಿಗೆ 1899ರಲ್ಲಿ ಕೂನೂರಿಗೂ 1908ರಲ್ಲಿ ಉದಕಮಂಡಲಕ್ಕೂ ತಲಪಿದ ಬೆಟ್ಟದ ರೈಲು ಉಂಟು. ಅದರ 16 ಸುರಂಗಗಳಲ್ಲಿ ಟನೆಲ್, 250 ಸೇತುವೆಗಳಲ್ಲಿ ಬ್ರಿಡ್ಜ್, ಹಲ್ಲುಕಂಬಿ ಹಿಡಿದು ಏರುವ ದಾರಿಯಲ್ಲಿ ಗ್ರೇಡಿಯಂಟ್ ಎಂಬ ಶಬ್ದಗಳನ್ನು ಮಕ್ಕಳು ಕಲಿಯಬಹುದು. ಸೊಲ್ಲಾಪುರದವರಿಗೆ ಬೋರಿ ನದಿಯ ಅಣೆಕಟ್ಟಿನ ನಳದುರ್ಗ. ಅಲ್ಲಿ ಡ್ಯಾಮ್, ಮಳೆಗಾಲದಲ್ಲಿ ವಾಟರ್‌ಫಾಲ್. ರಾಯದುರ್ಗದವರಿಗೆ ಗುಂಡುಬಂಡೆಗಳ ಬೆಟ್ಟ, ಅಲ್ಲಿ ಬೋಲ್ಡರ್.

ಮೂರು ಸಾಲಿನ ಪುಸ್ತಕ

ಮಗುವಿನ ಕೈಗೆ ಒಂದು ನೋಟುಪುಸ್ತಕ ಕೊಡಿರಿ. ಪುಟವನ್ನು ಮೂರಾಗಿ ಗೆರೆ ಎಳೆದು, ಮೊದಲ ಸಾಲಿನಲ್ಲಿ ಕನ್ನಡ, ಎರಡನೆಯದರಲ್ಲಿ ನೆಲೆಸಿದ ರಾಜ್ಯದ ಭಾಷೆ, ಮೂರನೆಯದರಲ್ಲಿ ಇಂಗ್ಲಿಷು ಬರೆಯಲಿ. ಒಂದು ಸಂಚಾರಕ್ಕೆ ಹತ್ತು ಶಬ್ದ ಸಾಕು. ಆದರೆ ಹತ್ತೂ ಕಣ್ಣಿನಿಂದ ಕಂಡದ್ದಾಗಿರಬೇಕು, ಆ ಸಂಜೆಯೇ ಬರೆದದ್ದಾಗಿರಬೇಕು. ಮೊದಲ ಸಾಲನ್ನು ತುಂಬಿಸುವ ಕೆಲಸ ಅಜ್ಜ ಅಜ್ಜಿಯರದು. ಇಂಗ್ಲಿಷು ಬಾರದ ಅಜ್ಜಿ ಈ ಪಾಠದಲ್ಲಿ ಹೊರಗಿನವಳಲ್ಲ. ಅವಳಿಲ್ಲದೆ ಪಾಠವೇ ಆರಂಭವಾಗದು. ಮೂರನೆಯ ಸಾಲನ್ನು ಶಾಲೆಯಲ್ಲಾಗಲಿ ನಿಘಂಟಿನಲ್ಲಾಗಲಿ ಕೇಳಿ ತಿಳಿಯಬಹುದು. ಮೊದಲನೆಯದನ್ನು ಹೇಳಬಲ್ಲವರು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಆದುದರಿಂದ ಮುಂದಿನ ರಜೆಯ ಸಂಚಾರಕ್ಕೆ ಹೊರಡುವಾಗ ಅಜ್ಜಿಯನ್ನು ಮನೆ ಕಾಯಲು ಬಿಟ್ಟು ಹೋಗದಿರಿ. ಕಿಟಕಿಯ ಪಕ್ಕದ ಸೀಟನ್ನು ಅವರಿಗೇ ಕೊಡಿರಿ, ಮಗುವನ್ನು ಅವರ ಬದಿಯಲ್ಲಿ ಕೂರಿಸಿರಿ.