ಎರಡು ಸುತ್ತು ಗರಿ ಮತ್ತು ಒಂದು ಹಳೆಯ ಪಟ್ಟಿ

ಹೊಳೆಬದಿಯಲ್ಲಿ ಬೆಳೆದ ನಮಗೆ ಗಾಳ ಹೊಸತಲ್ಲ. ಎರೆಹುಳವನ್ನೋ ಸಿಗಡಿಯನ್ನೋ ಚುಚ್ಚಿಕೊಂಡು ನೇತ್ರಾವತಿ, ಗುರುಪುರ ಹೊಳೆಗಳ ದಡದಲ್ಲಿ ಗಂಟೆಗಟ್ಟಲೆ ಕೂತ ಹಿರಿಯರು ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ. ಆದರೆ ಹುಳವೇ ಇಲ್ಲದೆ, ಬರೀ ನೂಲು ಮತ್ತು ಹಕ್ಕಿಯ ಗರಿ ಕಟ್ಟಿ ಮೀನು ಹಿಡಿಯುವವರೂ ಇದ್ದಾರೆ ಅಂದರೆ ನಂಬ್ತೀರಾ? ಇಂಗ್ಲೆಂಡಿನ ಯಾರ್ಕ್‌ಶೈರ್ ಕಡೆ ಇದು ಇನ್ನೂರು ವರ್ಷಕ್ಕೂ ಹಳೆಯ ವಿದ್ಯೆ.

ಅಲ್ಲಿನ ವಾರ್ಫ್‌ನಂಥ ತಣ್ಣೀರಿನ ಹೊಳೆಗಳಲ್ಲಿ ಟ್ರೌಟ್ ಎಂಬ ಮೀನಿದೆ. ತಳದ ಕಲ್ಲುಗಳ ನಡುವೆ ಬೆಳೆದ ಪುಟ್ಟ ಹುಳಗಳು ರೆಕ್ಕೆ ಬಿಚ್ಚಲು ಮೇಲೆ ಬರುತ್ತವೆ. ಟ್ರೌಟ್ ಕಾದಿದ್ದು ಅವನ್ನು ನೀರಿನೊಳಗೇ ನುಂಗುತ್ತದೆ. ಆ ಹುಳದ ಹಾಗೆ ಕಾಣುವಂತೆ ಕೊಕ್ಕೆಗೆ ಕಟ್ಟುವುದನ್ನು ಅವರು ಫ್ಲೈ ಅಂತಾರೆ.

ತುಂಬ ಹೆಸರಾದದ್ದು ‘ಪಾರ್ಟ್ರಿಜ್ ಅಂಡ್ ಆರೆಂಜ್’. ಪಾರ್ಟ್ರಿಜ್ ಅಂದರೆ ಗೌಜಲ ಹಕ್ಕಿ, ಆರೆಂಜ್ ಅಂದರೆ ನೂಲಿನ ಬಣ್ಣ. ಮೇಣ ಸವರಿದ ಕಿತ್ತಳೆ ರೇಷ್ಮೆ ನೂಲನ್ನು ಚಿಕ್ಕ ಕೊಕ್ಕೆಗೆ ಒತ್ತಾಗಿ ಸುತ್ತಿದರೆ ಮೈ ಆಯಿತು. ಗೌಜಲದ ಬೆನ್ನಿನ ಕಂದು ಗರಿಯೊಂದನ್ನು ಕೊಕ್ಕೆಯ ಕಣ್ಣಿನ ಬಳಿ ಕಟ್ಟಿ, ಒಂದೂವರೆ ಅಥವಾ ಎರಡು ಸುತ್ತು ಸುತ್ತಿ ಗಂಟು ಹಾಕಿದರೆ ಕಾಲುಗಳಾದವು. ಅಷ್ಟೆ. ಮೂರನೇ ಸುತ್ತು ಹಾಕಿದರೆ ಗರಿ ದಟ್ಟವಾಗಿ, ನೀರಿನಲ್ಲಿ ಆಡುವುದಿಲ್ಲ. ಗರಿ ಮೆತ್ತಗಿದ್ದು ಎಳೆ ವಿರಳವಾಗಿದ್ದರೆ ಮಾತ್ರ ಹರಿವಿಗೆ ಜೀವ ಬಂದಂತೆ ಮಿಸುಕಾಡುತ್ತದೆ. ಊಟಕ್ಕೆ ಬೇಟೆಯಾಡಿದ ಹಕ್ಕಿಯ ಎಸೆಯುವ ಗರಿಯೂ ಹೀಗೆ ಕೆಲಸಕ್ಕೆ ಬಂತು.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಈ ಕೈಚಳಕವೊಂದೇ ಅಲ್ಲ. 1807ರಲ್ಲಿ ಆಸ್ಟ್‌ಬಿಯ ಜಾನ್ ಸ್ವಾರ್ಬ್ರಿಕ್ ಎಂಬವರು ತಮ್ಮ ಹೊಳೆಗೆ ಯಾವಾಗ ಯಾವ ಗರಿ, ಯಾವ ನೂಲು ಅಂತ ಕೈಯಾರೆ ಪಟ್ಟಿ ಬರೆದಿಟ್ಟರು. ಅದು ಅಚ್ಚಾದದ್ದು 1907ರಲ್ಲಿ, ಸರಿಯಾಗಿ ನೂರು ವರ್ಷದ ನಂತರ. ನಡುವೆ 1885ರಲ್ಲಿ ಟಿ.ಇ. ಪ್ರಿಟ್ ಎಂಬವರು ಯಾರ್ಕ್‌ಶೈರಿನ ಫ್ಲೈಗಳನ್ನು ಬಣ್ಣದ ಚಿತ್ರಗಳೊಂದಿಗೆ ಪುಸ್ತಕ ಮಾಡಿದರು. ಹಾಗಾಗಿ ಇಂದಿಗೂ ಯಾರೂ ಅದೇ ನೂಲು, ಅದೇ ಗರಿ ತಗೊಂಡು ಅದನ್ನೇ ಕಟ್ಟಬಹುದು.

ನಮ್ಮಲ್ಲಿ? ಯಾವ ಉಬ್ಬರಕ್ಕೆ ಯಾವ ಮೀನು, ಮಳೆನೀರು ಕೆಂಪಾದಾಗ ಯಾವ ಇರೆ, ಬಲೆಯ ಯಾವ ಗಂಟು ಬಿಚ್ಚಿಕೊಳ್ಳುವುದಿಲ್ಲ ಎಂಬುದೆಲ್ಲ ಅಜ್ಜಂದಿರ ಬಾಯಲ್ಲಿತ್ತು, ಕೈಯಲ್ಲಿತ್ತು. ಅದಕ್ಕೆ ಬ್ಯಾರಿ ಭಾಷೆಯಲ್ಲಿ ಬೇರೆಯೇ ಮಾತುಗಳಿದ್ದವು. ಒಬ್ಬೊಬ್ಬ ಹಿರಿಯರ ಜನಾಝ ಎತ್ತುವಾಗಲೂ ಅಂಥ ಒಂದು ಪಟ್ಟಿ ಮಣ್ಣು ಸೇರುತ್ತಿದೆ. ಮಕ್ಕಳು ದೂರದ ಗಲ್ಫಿನಲ್ಲಿ, ಗಾಳ ಅಟ್ಟದ ಮೇಲೆ.

ಇದಕ್ಕೆ ದೊಡ್ಡ ಸಂಘ, ಸಮ್ಮೇಳನ ಬೇಕಿಲ್ಲ. ಮುಂದಿನ ಶುಕ್ರವಾರ ಜುಮಾ ಮುಗಿಸಿ ಬಂದು, ಊಟವಾದ ಮೇಲೆ ಮನೆಯ ಹಿರಿಯರ ಪಕ್ಕ ಒಂದು ನೋಟ್‌ಬುಕ್ ಹಿಡಿದು ಕೂರೋಣ. ಅವರು ಹೇಳಿದ ಮಾತನ್ನು ಹಾಗೆಯೇ, ಬ್ಯಾರಿಯಲ್ಲೇ, ಕನ್ನಡ ಅಕ್ಷರದಲ್ಲಿ ಬರೆದಿಡೋಣ. ಸ್ವಾರ್ಬ್ರಿಕ್ ಬರೆದದ್ದೂ ಒಂದು ಪಟ್ಟಿ ಅಷ್ಟೇ ಅಲ್ವಾ?