ಹುಲ್ಲಿನ ಮೆಷಿನ್: ಎಣ್ಣೆಯ ಲೆಕ್ಕ ತಪ್ಪಿದರೆ ಎಂಜಿನ್, ಎಚ್ಚರ ತಪ್ಪಿದರೆ ಕಾಲು

ಬದಿಯಡ್ಕ: ಮಳೆಯ ಅಬ್ಬರ ಇಳಿದು ಬಿಸಿಲು ಮೂಡುತ್ತಿದ್ದಂತೆ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಪೈವಳಿಕೆ ಕಡೆಯ ತೋಟಗಳಲ್ಲಿ ಬೆಳಗ್ಗಿನಿಂದಲೇ ಗುರ್ರೆನ್ನುವ ಸದ್ದು. ಕೊಯ್ಲಿಗೆ ಮೊದಲು ಬುಡದ ಹುಲ್ಲು ಹೋಗಬೇಕು, ಇಲ್ಲದಿದ್ದರೆ ಬಿದ್ದ ಅಡಿಕೆ ಹೆಕ್ಕುವುದೇ ಕಷ್ಟ. ಕತ್ತಿ ಹಿಡಿದು ಹುಲ್ಲು ಹೆರೆಯುವವರು ಸಿಗದ ಈ ಕಾಲದಲ್ಲಿ ಹೆಗಲಿಗೆ ತೂಗುಹಾಕುವ ಬ್ರಶ್ ಕಟ್ಟರ್ ಅನೇಕ ಮನೆಗಳಿಗೆ ಬಂದಿದೆ. ಜೊತೆಗೆ ಬಂದ ಇಂಗ್ಲಿಷ್ ಪುಸ್ತಕ ಮಾತ್ರ ಕಪಾಟಿನಿಂದ ಹೊರಗೆ ಬರುವುದಿಲ್ಲ. "ಎಳೆದೆಳೆದು ಕೈ ಸೋತಿತು, ಸ್ಟಾರ್ಟೇ ಆಗ್ಲಿಲ್ಲ" ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಸಣ್ಣ ಅಲಕ್ಷ್ಯ.

ಎಣ್ಣೆಯ ಲೆಕ್ಕ

ಮೊದಲು ತಿಳಿಯಬೇಕಾದ್ದು ನಮ್ಮದು ಟೂ ಸ್ಟ್ರೋಕ್ ಮೆಷಿನ್ನೋ ಫೋರ್ ಸ್ಟ್ರೋಕೋ ಎಂದು. ಟೂ ಸ್ಟ್ರೋಕಿಗೆ ಪೆಟ್ರೋಲಿನಲ್ಲಿ ಬೆರೆಸಿದ 2ಟಿ ಎಣ್ಣೆಯೇ ಗತಿ. ಪುಸ್ತಕದಲ್ಲಿ 50:1 ಎಂದಿದ್ದರೆ ಲೀಟರ್ ಪೆಟ್ರೋಲಿಗೆ 20 ಮಿಲಿ, 25:1 ಎಂದಿದ್ದರೆ 40 ಮಿಲಿ. ಕಣ್ಣಂದಾಜಿನಲ್ಲಿ ಸುರಿಯುವುದು ಬೇಡ. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಹಿಡಿದುಬಿಡುತ್ತದೆ, ಹೆಚ್ಚಾದರೆ ಹೊಗೆ ಬರುತ್ತದೆ, ಪ್ಲಗ್ ಕಪ್ಪಾಗುತ್ತದೆ. ಫೋರ್ ಸ್ಟ್ರೋಕಿನಲ್ಲಿ ಪೆಟ್ರೋಲಿಗೆ ಎಣ್ಣೆ ಬೆರೆಸುವಂತಿಲ್ಲ. ಅದರ ಎಂಜಿನ್ ಆಯಿಲ್ ಮಟ್ಟವನ್ನು ದಿನಾ ನೋಡಬೇಕು.

2025ರ ಹೊತ್ತಿಗೆ ದೇಶದಲ್ಲಿ ಪೆಟ್ರೋಲಿಗೆ ಎಥನಾಲ್ ಬೆರೆಸುವ ಪ್ರಮಾಣ ಶೇ. 20ಕ್ಕೆ ತಲುಪಿದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಹಾಗಾಗಿ ಬೇಕಾದಷ್ಟೇ ಬೆರೆಸಿ, ಬೇಗ ಮುಗಿಸುವುದು ಒಳ್ಳೆಯದು. ತಿಂಗಳುಗಟ್ಟಲೆ ಮೂಲೆಯಲ್ಲಿಡುವುದಾದರೆ ಟ್ಯಾಂಕ್ ಖಾಲಿ ಮಾಡಿ, ಉಳಿದದ್ದು ಮುಗಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಇಲ್ಲವಾದರೆ ಕಾರ್ಬೊರೇಟರಿನಲ್ಲಿ ಅಂಟು ಕಟ್ಟುತ್ತದೆ.

ದಿನಕ್ಕೆ ಹತ್ತು ನಿಮಿಷ

ಕೆಲಸ ಮುಗಿದ ಮೇಲೆ ಏರ್ ಫಿಲ್ಟರ್ ಬಿಚ್ಚಿ ಧೂಳು ಕೊಡವಬೇಕು. ಸ್ಪಂಜಿನದ್ದಾದರೆ ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿಯೇ ಹಾಕಬೇಕು. ಎಂಜಿನಿನ ಮೈಮೇಲಿನ ಸಾಲು ಸಾಲು ರೆಕ್ಕೆಗಳ ಎಡೆಯಲ್ಲಿ ಹುಲ್ಲು ತುಂಬಿದರೆ ಎಂಜಿನ್ ಕಾಯುತ್ತದೆ, ಅದನ್ನು ಬ್ರಶ್ಶಿನಿಂದ ತೆಗೆಯಿರಿ. ಬ್ಲೇಡಿನ ಮೇಲಿರುವ ಗೇರ್ ಬಾಕ್ಸ್‌ ನೆನಪಾಗುವುದು ಹೆಚ್ಚಾಗಿ ಅದು ಸದ್ದು ಮಾಡಿದಾಗಲೇ. ಸುಮಾರು 25 ಗಂಟೆ ಕೆಲಸಕ್ಕೊಮ್ಮೆ ಅದರ ಸ್ಕ್ರೂ ಬಿಚ್ಚಿ ನೋಡಿ, ಒಣಗಿದ್ದರೆ ಸ್ವಲ್ಪ ಗ್ರೀಸ್ ಕೊಡಿ. ತುರುಕಿ ತುಂಬಿಸಬೇಡಿ.

ಬ್ಲೇಡ್ ಮುಟ್ಟುವ ಮೊದಲು

ಸುತ್ತಿಕೊಂಡ ಬಳ್ಳಿ ಬಿಡಿಸಲಿಕ್ಕೆ ಎಂಜಿನ್ ಓಡುತ್ತಿರುವಾಗಲೇ ಕೈ ಹಾಕಿದರೆ ಬೆರಳು ಉಳಿಯುವ ಖಾತ್ರಿಯಿಲ್ಲ. ಎಂಜಿನ್ ನಿಲ್ಲಿಸಿ, ಬ್ಲೇಡ್ ನಿಂತದ್ದು ನೋಡಿ, ಪ್ಲಗ್ಗಿನ ಕ್ಯಾಪ್ ಎಳೆದು ತೆಗೆದ ಮೇಲೆಯೇ ಕೈ ಹಾಕಬೇಕು. ಬ್ಲೇಡಿನ ನಟ್ ಹೆಚ್ಚಿನ ಮೆಷಿನ್‌ಗಳಲ್ಲಿ ಉಲ್ಟಾ ಥ್ರೆಡ್‌ನದು, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಬಿರುಕು ಬಿಟ್ಟ ಬ್ಲೇಡನ್ನು ವೆಲ್ಡ್ ಮಾಡಿಸಬಾರದು, ಎಸೆಯಬೇಕು. ನೈಲಾನ್ ಹಗ್ಗದ ಬದಲು ಕಬ್ಬಿಣದ ಸರಿಗೆ ಹಾಕುವುದಂತೂ ಬೇಡವೇ ಬೇಡ. ತುಂಡಾದ ಸರಿಗೆ ಗುಂಡಿನಂತೆ ಹಾರುತ್ತದೆ.

ಆಕ್ಸಿಲರೇಟರ್ ಬಿಟ್ಟಾಗಲೂ ಬ್ಲೇಡ್ ತಿರುಗುತ್ತಲೇ ಇದ್ದರೆ ಐಡ್ಲಿಂಗ್ ಹೆಚ್ಚಿದೆ ಅಥವಾ ಕ್ಲಚ್ ಕೆಟ್ಟಿದೆ ಎಂದರ್ಥ. ಸರಿಮಾಡಿಸದೆ ತೋಟಕ್ಕೆ ಇಳಿಯಬಾರದು. ಪೆಟ್ರೋಲ್ ತುಂಬಿಸುವುದು ಎಂಜಿನ್ ತಣಿದ ಮೇಲೆ, ಬೀಡಿ ಸಿಗರೇಟು ದೂರವಿಟ್ಟು. ತುಂಬಿಸಿದ ಜಾಗದಿಂದ ನಾಲ್ಕು ಹೆಜ್ಜೆ ಆಚೆ ಹೋಗಿ ಸ್ಟಾರ್ಟ್ ಮಾಡಿ.

ಆರು ಸಾಲು ದೂರ

ಮೆಷಿನ್ ಓಡುವಾಗ ಬೇರೆಯವರು ಕನಿಷ್ಠ 15 ಮೀಟರ್ ದೂರ ಇರಬೇಕೆಂಬುದು ನಿಯಮ. ಒಂಬತ್ತು ಅಡಿ ಅಂತರದ ಅಡಿಕೆ ತೋಟದಲ್ಲಿ ಅದು ಹತ್ತಿರ ಹತ್ತಿರ ಆರು ಸಾಲು. ಮುರಕಲ್ಲಿನ ಚೂರು, ಒಡೆದ ಬಾಟಲಿ ಎಷ್ಟು ದೂರ ಹಾರೀತೆಂದು ಹೇಳಲಾಗದು. ಹತ್ತಿರದಲ್ಲೇ ಅಡಿಕೆ ಹೆಕ್ಕುವ ಹೆಂಗಸರು, ಚಾ ತರುವ ಮಕ್ಕಳು ಇರುತ್ತಾರೆ. ಹಿಂದಿನಿಂದ ಬಂದು ಭುಜ ಮುಟ್ಟಿ ಕರೆಯುವುದು ಇನ್ನೂ ಅಪಾಯ. ಸದ್ದಿನಲ್ಲಿ ಏನೂ ಕೇಳಿಸದವನು ಮೆಷಿನ್ ಸಮೇತ ತಿರುಗಿಬಿಡುತ್ತಾನೆ. ಎದುರಿನಿಂದ ಕಾಣಿಸುವಂತೆ ನಿಂತು ಕೈಬೀಸಿ.

ಮೇಲಿನಿಂದ ನೋಡಿದರೆ ಬ್ಲೇಡ್ ಸಾಮಾನ್ಯವಾಗಿ ಎಡಕ್ಕೆ ತಿರುಗುತ್ತದೆ. ಆದ್ದರಿಂದ ಬಲದಿಂದ ಎಡಕ್ಕೆ ಬೀಸಿ ಕತ್ತರಿಸಬೇಕು. ಎದುರಿನ ಬಲ ಅಂಚು ಕುತ್ತಿಗೋ ಕಲ್ಲಿಗೋ ತಾಗಿದರೆ ಮೆಷಿನ್ ಪಕ್ಕಕ್ಕೆ ಎಗರುತ್ತದೆ. ಸ್ಪ್ರಿಂಕ್ಲರ್ ಪೈಪು, ಕಲ್ಲು, ಸರಿಗೆ ಎಲ್ಲಿದೆಯೆಂದು ಮೊದಲೇ ಒಂದು ಸುತ್ತು ನೋಡಿಕೊಳ್ಳಿ. ಬ್ಲೇಡಿನ ಗಾರ್ಡ್ ತೊಡಕೆಂದು ಬಿಚ್ಚಿಡಬೇಡಿ.

ಕನ್ನಡಕ, ಕಿವಿಗೆ ಮುಚ್ಚಿಗೆ, ಗಟ್ಟಿ ಬೂಟು, ಕಾಲಿಗೆ ಗಾರ್ಡ್ ಇವಿಷ್ಟೂ ಮೆಷಿನ್ ಜೊತೆಗೇ ಇರಬೇಕು. ದಿನಗೂಲಿಗೆ ಬರುವವರು ಅವನ್ನು ತಾವಾಗಿ ಕೇಳುವುದು ಕಡಿಮೆ, ತೋಟದ ಯಜಮಾನರೇ ಕೊಟ್ಟು ಹಾಕಿಸಬೇಕು. ಕೆಟ್ಟ ಪಿಸ್ಟನ್ ಬದಲಿಸಬಹುದು. ಕಣ್ಣಿಗೆ ಸ್ಪೇರ್ ಪಾರ್ಟ್ ಎಲ್ಲೂ ಸಿಗದು.