ಹಲ್ಲು ಎಣಿಸಿದರೆ ಸಾಲದು, ಜೋಡಿ ನೋಡಬೇಕು

ಸೈಕಲ್ ಓಟದಲ್ಲಿ ಕರ್ನಾಟಕಕ್ಕೆ ಹೆಸರು ತಂದವರ ಊರು ಕೇಳುತ್ತ ಹೋದರೆ ವಿಜಯಪುರ, ಬಾಗಲಕೋಟೆ, ಗದಗ, ಬೆಳಗಾವಿ ಜಿಲ್ಲೆಗಳನ್ನು ದಾಟಿ ಹೊರಗೆ ಹೋಗುವುದು ಕಡಿಮೆ. ವಿಜಯಪುರದಲ್ಲಿ ಕ್ರೀಡಾ ಇಲಾಖೆಯ ಸೈಕ್ಲಿಂಗ್ ವಸತಿ ನಿಲಯವಿದೆ. ರಾಮದುರ್ಗ ತಾಲ್ಲೂಕಿನ ಚಂದರಗಿಯ ಕ್ರೀಡಾಶಾಲೆಯ ಹುಡುಗರು ಪದಕದ ಪಟ್ಟಿಯಲ್ಲಿ ಕಾಣಿಸುತ್ತಲೇ ಇರುತ್ತಾರೆ. ರಾಷ್ಟ್ರೀಯ ರಸ್ತೆ ಸೈಕ್ಲಿಂಗ್ ಚಾಂಪಿಯನ್‌ಷಿಪ್ ಒಮ್ಮೆ ಜಮಖಂಡಿಗೂ ಬಂದಿತ್ತು, 2024ರ ಜನವರಿಯಲ್ಲಿ ವಿಜಯಪುರಕ್ಕೂ ಬಂತು. ಇದಕ್ಕೆಲ್ಲ ದೊಡ್ಡ ಕಾರಣ ಈ ನೆಲ. ಮುದ್ದೇಬಿಹಾಳದಿಂದ ತಾಳಿಕೋಟೆಗೋ ನಿಡಗುಂದಿಗೋ ಹೊರಟರೆ ಎರಡೂ ಬದಿ ಎರೆಹೊಲ, ನಡುವೆ ನೀಳ ಡಾಂಬರು. ಘಟ್ಟವಿಲ್ಲ, ತಿರುವು ಕಡಿಮೆ. ತಂಗಡಗಿಯ ಕಡೆ ಕೃಷ್ಣೆಯತ್ತ ಇಳಿಯುವಾಗ, ಸೇತುವೆ ದಾಟಿ ಹುನಗುಂದದ ಕಡೆಗೆ ಏರುವಾಗ ಮಾತ್ರ ಕಾಲಿಗೆ ಸ್ವಲ್ಪ ಕೆಲಸ.  

ಸಪಾಟು ರಸ್ತೆಗೆ ಮುಂದೆ ಎರಡು ಗೇರ್ ಯಾಕೆ ಎಂದು ಕೇಳುವವರು ಆಷಾಢದಲ್ಲೊಮ್ಮೆ ಪಶ್ಚಿಮಕ್ಕೆ ಮುಖ ಮಾಡಿ ನಿಡಗುಂದಿಯವರೆಗೆ ತುಳಿದು ನೋಡಬೇಕು. ಇಲ್ಲಿ ಗುಡ್ಡದ ಕೆಲಸವನ್ನು ಗಾಳಿ ಮಾಡುತ್ತದೆ. ಹೋಗುವಾಗ ಸಣ್ಣ ಚೈನ್‌ರಿಂಗ್ (ಪೆಡಲ್ ಬಳಿಯ ಹಲ್ಲುಚಕ್ರ), ಬರುವಾಗ ದೊಡ್ಡದು. ಬಯಲಿನ ಸವಾರನಿಗೆ ಮುಂದಿನ ಗೇರ್ ಬದಲಾಯಿಸುವ ಸಂದರ್ಭ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚೇ ಬರುತ್ತದೆ. ‘ಮುಂದಿನ ಗೇರ್ ಬೀಳವಲ್ದು ನೋಡ್ರಿ, ಚೈನ್ ಕಳಚ್ತದ’ ಎಂಬ ದೂರೂ ಆಗಲೇ ಶುರು.

ದೂರು ಬಂದ ಕೂಡಲೇ ಎಲ್ಲರ ಕೈ ಹೋಗುವುದು ಡಿರೇಲರ್‌ನ ಸ್ಕ್ರೂಗೆ. ಅರ್ಧ ಸುತ್ತು ಈ ಕಡೆ, ಅರ್ಧ ಸುತ್ತು ಆ ಕಡೆ. ಡಿರೇಲರ್ ಮಾಡುವುದು ಚೈನನ್ನು ಪಕ್ಕಕ್ಕೆ ತಳ್ಳುವ ಕೆಲಸವೊಂದನ್ನೇ. ಎತ್ತಿ ದೊಡ್ಡ ಚಕ್ರದ ಮೇಲೆ ಕೂರಿಸುವುದು ಚೈನ್‌ರಿಂಗ್. ರಿಂಗ್ ಸವೆದಿದ್ದರೆ, ಅಥವಾ ಬದಲಿಗೆ ತಂದ ರಿಂಗ್ ಜೋಡಿಗೆ ಹೊಂದದಿದ್ದರೆ, ಎಂಥ ಕೈಚಳಕದ ಮಿಸ್ತ್ರಿಯೂ ಸ್ಕ್ರೂ ತಿರುವಿ ಅದನ್ನು ಸರಿಮಾಡಲಾರ.

ಮುಂದಿನ ಗೇರ್ ಹಿಂದಿನದಕ್ಕಿಂತ ಹಟಮಾರಿಯಾಗಿರುವುದಕ್ಕೆ ಕಾರಣ ಸರಳ. ಹಿಂದಿನ ಡಿರೇಲರ್ ಮುಟ್ಟುವುದು ಕೆಳಗಿನ ಸಡಿಲ ಚೈನನ್ನು. ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ವ್ಯತ್ಯಾಸ ಸಾಮಾನ್ಯವಾಗಿ ಒಂದೆರಡು ಹಲ್ಲು. ಮುಂದಿನದು ಮುಟ್ಟುವುದು ಮೇಲಿನ ಬಿಗಿದ ಚೈನನ್ನು. ನಿಮ್ಮ ತೊಡೆಯ ಶಕ್ತಿಯೆಲ್ಲ ಹಾಯುತ್ತಿರುವುದು ಅದೇ ಚೈನಿನಲ್ಲಿ. ಅದನ್ನು 34 ಹಲ್ಲಿನ ಚಕ್ರದಿಂದ 50 ಹಲ್ಲಿನ ಚಕ್ರಕ್ಕೆ, ಅಂದರೆ ಒಂದೇ ನೆಗೆತಕ್ಕೆ 16 ಹಲ್ಲು ಮೇಲೆ ಏರಿಸಬೇಕು. ಹಳೆಯ ಕಾಲದ ಓಟಗಾರರು ಇದನ್ನು ಅಂದಾಜಿನ ಮೇಲೆ ಮಾಡುತ್ತಿದ್ದರು. ಟೂರ್ ಡಿ ಫ್ರಾನ್ಸ್ ಡಿರೇಲರ್‌ಗೆ ಅನುಮತಿ ಕೊಟ್ಟದ್ದೇ 1937ರಲ್ಲಿ. ರಿಂಗ್‌ನ ಮೈಯಲ್ಲೇ ಚೈನ್ ಹತ್ತುವ ದಾರಿ ಕೊರೆಯುವ ಪದ್ಧತಿ ವ್ಯಾಪಕವಾದದ್ದು 1990ರ ದಶಕದಿಂದ ಈಚೆಗೆ.

ಆ ದಾರಿ ಕಾಣಬೇಕೆಂದರೆ ದೊಡ್ಡ ರಿಂಗನ್ನು ಬಿಚ್ಚಿ ಒಳಮೈ ಮೇಲೆ ಮಾಡಿ ಬಿಸಿಲಿಗೆ ಹಿಡಿಯಬೇಕು. ಹಲ್ಲುಗಳ ಬುಡದಲ್ಲಿ ಅಲ್ಲಲ್ಲಿ ಇಳಿಜಾರಾಗಿ ಕೊರೆದ ಗುರುತು, ಅದರ ಹತ್ತಿರ ಉಕ್ಕಿನ ಸಣ್ಣ ಮೊಳೆ. ಚೈನಿನ ಹೊರಪಟ್ಟಿ ಆ ಮೊಳೆಗೆ ಸಿಕ್ಕಿಕೊಂಡು ಮೇಲೇರುತ್ತದೆ, ಮೇಲಿನ ಹಲ್ಲಿಗೆ ಕೂರುತ್ತದೆ. ಇನ್ನೂ ಸೂಕ್ಷ್ಮವಾಗಿ ನೋಡಿದರೆ ಕೆಲವು ಹಲ್ಲುಗಳು ಗಿಡ್ಡ, ಕೆಲವಕ್ಕೆ ಒಂದು ಬದಿ ಸವರಿದ ಹಾಗೆ. ಹೊಸ ರಿಂಗ್ ತಂದವರು ಇದನ್ನು ನೋಡಿ ‘ಹಲ್ಲು ಮುರಿದ ಮಾಲು ಕೊಟ್ಟಾರ’ ಎಂದು ಅಂಗಡಿಗೆ ವಾಪಸು ಒಯ್ಯುವುದುಂಟು. ಅದು ಬೇಕೆಂದೇ ಕಡಿದದ್ದು. ಚೈನ್ ಹತ್ತಲಿಕ್ಕೂ ಇಳಿಯಲಿಕ್ಕೂ ಬಿಟ್ಟ ಬಾಗಿಲು. ಪೆಡಲ್ ನೇರ ಮೇಲೆ-ಕೆಳಗೆ ಇದ್ದು ತುಳಿತದ ಒತ್ತಡ ಕಡಿಮೆಯಾಗುವ ಹೊತ್ತಿಗೆ ಚೈನ್ ಅಲ್ಲಿಗೆ ಬರುವಂತೆ ಆ ಜಾಗಗಳನ್ನು ಲೆಕ್ಕಹಾಕಿ ಇಟ್ಟಿರುತ್ತಾರೆ.

ಮೊಳೆ ಎಲ್ಲಿರಬೇಕು ಎಂಬುದನ್ನು ತೀರ್ಮಾನಿಸುವುದು ಸಣ್ಣ ರಿಂಗ್. ಚೈನ್ ಸಣ್ಣ ರಿಂಗ್‌ನ ಹಲ್ಲು ಬಿಟ್ಟು ದೊಡ್ಡದರ ಮೊಳೆ ಮುಟ್ಟುವವರೆಗಿನ ಅಂತರ ಕೊಂಡಿಗಳ ಲೆಕ್ಕಕ್ಕೆ ಕೂಡಿಬರಬೇಕು. ಬಾರದಿದ್ದರೆ ಚೈನ್ ಹಲ್ಲಿನ ತುದಿಯ ಮೇಲೆ ಕರಕರ ಎಂದು ತೇಲುತ್ತದೆ. ಆದ್ದರಿಂದಲೇ ತಯಾರಕರು ದೊಡ್ಡ ರಿಂಗ್ ಮೇಲೆ ಅದರ ಜೋಡಿಯನ್ನು ಬರೆದಿರುತ್ತಾರೆ. ಶಿಮಾನೊ ಕಂಪನಿಯ ನಾಲ್ಕು ತೋಳಿನ 11 ಸ್ಪೀಡ್ (ಹಿಂದೆ 11 ಹಲ್ಲುಚಕ್ರದ) ಕ್ರ್ಯಾಂಕ್‌ಗಳಲ್ಲಿ ‘50ಟಿ-ಎಂಎ’ ಎಂದಿದ್ದರೆ ಅದು 34ರ ಜೊತೆಗೆ, ‘52ಟಿ-ಎಂಬಿ’ 36ರ ಜೊತೆಗೆ, ‘53ಟಿ-ಎಂಡಿ’ 39ರ ಜೊತೆಗೆ. ಹಲ್ಲು ಎಣಿಸಿ ಸಾಮಾನು ತರುವವರ ಕಣ್ಣಿಗೆ ಬೀಳದೇ ಹೋಗುವುದು ಈ ಎರಡು ಅಕ್ಷರಗಳೇ.

ನಮ್ಮ ಕಡೆ ಹೆಚ್ಚು ನಡೆಯುವ ತಪ್ಪು ಇನ್ನೊಂದು ಬಗೆಯದು. 50ರ ರಿಂಗ್ ಸವೆಯಿತು, ‘ಹೆಂಗೂ ಹಾಕಸ್ತೀವಿ, ದೊಡ್ಡದs ಹಾಕಸೋಣ, ಸ್ಪೀಡ್ ಬರ್ತದ’ ಎಂದು 53 ತಂದು 34ರ ಪಕ್ಕ ಕೂರಿಸುವುದು. ವ್ಯತ್ಯಾಸ 19 ಹಲ್ಲಾಯಿತು. ರಸ್ತೆ ಸೈಕಲ್ಲಿನ ಮುಂದಿನ ಡಿರೇಲರ್ ಸಾಮಾನ್ಯವಾಗಿ ತಡೆದುಕೊಳ್ಳುವುದು 16. ಮೇಲೆ ಹೋಗಲು ಚೈನ್ ಒದ್ದಾಡುತ್ತದೆ, ಕೆಳಗೆ ಬರುವಾಗ ಸಣ್ಣ ರಿಂಗನ್ನೂ ದಾಟಿ ಫ್ರೇಮ್ ಮೇಲೆ ಬೀಳುತ್ತದೆ, ಕಾರ್ಬನ್ ಫ್ರೇಮ್ ಆಗಿದ್ದರೆ ಗೀರು ಬಿತ್ತೆಂದೇ ಲೆಕ್ಕ. ಇಷ್ಟಾದ ಮೇಲೆ ಸ್ಪೀಡ್ ಆದರೂ ಬಂತೇ? ಮುಂದೆ 50, ಹಿಂದೆ 11 ಹಲ್ಲು ಇದ್ದರೆ ಒಂದು ಸುತ್ತು ತುಳಿದಾಗ ಸೈಕಲ್ ಸುಮಾರು ಒಂಬತ್ತೂವರೆ ಮೀಟರ್ ಸಾಗುತ್ತದೆ. ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 51 ಕಿಲೋಮೀಟರ್ ದಾಟಿತು. ಅಷ್ಟು ವೇಗವನ್ನು ಎದುರುಗಾಳಿಯಲ್ಲಿ ಹಿಡಿದಿಡಬಲ್ಲವರಿಗೆ ಈ ಲೇಖನ ಬೇಕಾಗಿಲ್ಲ, ಅವರ ತಂಡಕ್ಕೆ ಮೆಕ್ಯಾನಿಕ್ ಇರುತ್ತಾನೆ.

ದೊಡ್ಡ ಗೇರಿನ ಮೋಹ ಎಳೆಯರ ಮೊಣಕಾಲಿಗೂ ಒಳ್ಳೆಯದಲ್ಲ ಎಂಬ ಯೋಚನೆಯಿಂದಲೇ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಜೂನಿಯರ್ ಓಟಗಾರರಿಗೆ ಒಂದು ಸುತ್ತಿಗೆ 7.93 ಮೀಟರ್ ಎಂಬ ಮಿತಿ ಇಟ್ಟಿತ್ತು. ಅಂದರೆ ಮುಂದೆ 52, ಹಿಂದೆ 14. 2023ರಿಂದ ಆ ಮಿತಿ ತೆಗೆದಿದ್ದಾರೆ. ತೆಗೆದದ್ದು ಸರಿಯೋ ತಪ್ಪೋ ಎಂಬ ಚರ್ಚೆ ಇದೆ. ನನ್ನ ಮಟ್ಟಿಗೆ ಹದಿನಾರರ ಹುಡುಗನಿಗೆ ಹಗುರ ಗೇರಿನಲ್ಲಿ ಬೇಗ ಬೇಗ ತುಳಿಯುವುದನ್ನು ಕಲಿಸುವುದೇ ಲೇಸು.

ಹಾಗಾದರೆ ಈ ರಸ್ತೆಗಳಿಗೆ ಯಾವ ಜೋಡಿ? ಸ್ಪರ್ಧೆಗೆ ಇಳಿಯುವವರು 52-36 ನೋಡಬಹುದು. ಬೆಳಿಗ್ಗೆ ಆಲಮಟ್ಟಿಗೋ ಯಲಗೂರಿಗೋ ಹೋಗಿ ಬರುವವರಿಗೆ 50-34 ಧಾರಾಳ. 53-39ರಲ್ಲಿ ನೆಗೆತ 14 ಹಲ್ಲಿನದು, ಹಾಗಾಗಿ ಗೇರ್ ಬದಲಾವಣೆ ಮೂರರಲ್ಲಿ ಅದರದ್ದೇ ನಯ. ಆದರೆ 39 ಹಲ್ಲು ಎದುರುಗಾಳಿಗೆ ಭಾರ. ಬಯಲುಸೀಮೆಗೆ 46-36 ಕೂಡ ಚೆನ್ನಾಗಿಯೇ ಹೊಂದುತ್ತದೆ. ಕೆಸರು ನೆಲದ ಸೈಕಲ್ ಓಟಕ್ಕೆಂದು ಮಾಡಿದ ಈ ಜೋಡಿಯಲ್ಲಿ ನೆಗೆತ ಬರೀ ಹತ್ತು, ಏರಿದ್ದೂ ಇಳಿದದ್ದೂ ಕಾಲಿಗೆ ತಿಳಿಯುವುದಿಲ್ಲ. ಆದರೆ ಹಾಕುವ ಮೊದಲು ನಿಮ್ಮ ಡಿರೇಲರ್ ಅಷ್ಟು ಕೆಳಗೆ ಇಳಿಯುತ್ತದೆಯೇ ನೋಡಬೇಕು. ಡಿರೇಲರ್‌ನ ಹೊರಪಟ್ಟಿ ದೊಡ್ಡ ರಿಂಗ್‌ನ ಹಲ್ಲಿಗಿಂತ 1ರಿಂದ 3 ಮಿಲಿಮೀಟರ್ ಮೇಲಿರಬೇಕು. ರಿಂಗ್ ಗಾತ್ರ ಬದಲಾದರೆ ಈ ಎತ್ತರವೂ ಬದಲಾಗಬೇಕು, ಇದನ್ನು ಮರೆಯುವವರೇ ಹೆಚ್ಚು.

ಜೋಡಿ ಆರಿಸಿದ ಮೇಲೆ ಅದು ಕ್ರ್ಯಾಂಕ್‌ಗೆ ಕೂರುತ್ತದೆಯೇ ಎಂಬ ಪ್ರಶ್ನೆ. ಬೋಲ್ಟುಗಳು ಕೂರುವ ವೃತ್ತದ ಅಡ್ಡಳತೆ ಹೊಂದಬೇಕು. ಐದು ತೋಳಿನ ಕ್ರ್ಯಾಂಕ್ ಆದರೆ ಅಕ್ಕಪಕ್ಕದ ಎರಡು ಬೋಲ್ಟುಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಸ್ಕೇಲ್ ಇಡಿ: 64.7 ಮಿಲಿಮೀಟರ್ ಬಂದರೆ ಅದು 110ರದ್ದು, 76.4 ಬಂದರೆ 130ರದ್ದು. 130ರ ಕ್ರ್ಯಾಂಕ್‌ಗೆ 38ಕ್ಕಿಂತ ಸಣ್ಣ ರಿಂಗ್ ಹತ್ತುವುದೇ ಇಲ್ಲ, 34 ತಂದರೆ ದುಡ್ಡು ದಂಡ. ಈಚಿನ ನಾಲ್ಕು ತೋಳಿನ ಕ್ರ್ಯಾಂಕ್‌ಗಳಲ್ಲಿ ತೋಳುಗಳ ನಡುವಿನ ಅಂತರ ಸಮನಾಗಿಲ್ಲ, ಈ ಅಳತೆ ನಡೆಯದು. ಅಲ್ಲಿ ಕ್ರ್ಯಾಂಕ್‌ನ ಒಳಬದಿಯಲ್ಲಿ ಕೆತ್ತಿರುವ ಮಾಡೆಲ್ ಸಂಖ್ಯೆಯೇ ಗತಿ. ಶಿಮಾನೊದ ಕ್ಲಾರಿಸ್ ಆದರೆ ಎಫ್‌ಸಿ-ಆರ್2000, ಸೋರಾ ಆದರೆ ಎಫ್‌ಸಿ-ಆರ್3000, 105 ಆದರೆ ಎಫ್‌ಸಿ-ಆರ್7000, ಹೀಗೆ. 8 ಸ್ಪೀಡ್ ಚೈನಿಗಿಂತ 11 ಸ್ಪೀಡ್ ಚೈನ್ ಹೊರಗಿನ ಅಗಲದಲ್ಲಿ ಸಪೂರ. ಎರಡು ರಿಂಗ್‌ಗಳ ನಡುವಿನ ಸಂದು ಅದಕ್ಕೆ ತಕ್ಕಂತೆ ಇರಬೇಕು, ಇಲ್ಲದಿದ್ದರೆ ಚೈನ್ ಆ ಸಂದಿಯಲ್ಲೇ ಸಿಕ್ಕಿಕೊಳ್ಳಬಹುದು. ಅಗ್ಗದ ಗೇರ್ ಸೈಕಲ್ಲುಗಳಲ್ಲಿ ರಿಂಗನ್ನು ಕ್ರ್ಯಾಂಕ್‌ಗೆ ರಿವೆಟ್ ಹೊಡೆದೇ ಕೂರಿಸಿರುತ್ತಾರೆ. ಅಂಥವಕ್ಕೆ ಇಡೀ ಕ್ರ್ಯಾಂಕ್‌ಸೆಟ್ ಬದಲಿಸುವುದೇ ದಾರಿ.

ಲೋಹದ ವಿಚಾರವೂ ಇದೆ. ಎರೆಮಣ್ಣಿನ ದೂಳು ಚೈನಿನ ಎಣ್ಣೆಗೆ ಕಲೆತರೆ ಸಾಣೆ ಹಿಡಿಯುವ ಪೇಸ್ಟ್ ಆಗುತ್ತದೆ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಗಾಲಿ ಹೊಲದಿಂದ ರಸ್ತೆಗೆ ತಂದು ಚೆಲ್ಲುವ ಎರೆಯಂತೂ ರಿಂಗ್‌ಗೆ ವೈರಿ. ಅಲ್ಯೂಮಿನಿಯಂ ರಿಂಗ್ ಇದರಲ್ಲಿ ಬೇಗ ಸವೆಯುತ್ತದೆ. ಹಲ್ಲು ಒಂದು ಕಡೆಗೆ ಕೊಕ್ಕಿನಂತೆ ಬಾಗಿದರೆ ಅದರ ಆಯುಷ್ಯ ಮುಗಿಯಿತು. ಸಣ್ಣ ರಿಂಗ್ ಉಕ್ಕಿನದು ಸಿಕ್ಕರೆ ತೂಕದ ಬಗ್ಗೆ ತಲೆ ಕೆಡಿಸಿಕೊಳ್ಳದೆ ತನ್ನಿ. ದೊಡ್ಡದಕ್ಕೆ ಬಾಗದ ಗಟ್ಟಿತನ ಮುಖ್ಯ. ತೆಳು ತಗಡಿನ ಅಗ್ಗದ ರಿಂಗ್ ಡಿರೇಲರ್ ತಳ್ಳಿದ ಹೊತ್ತಿನಲ್ಲೇ ಬಾಗಿ ಆಟ ಕೆಡಿಸುತ್ತದೆ. ನಾನು ಇದೊಂದರಲ್ಲಿ ಮಾತ್ರ ಕಂಪನಿಯ ಮೂಲ ಭಾಗವೇ ಆಗಲಿ ಎನ್ನುವವನು. ಬಾಟಲ್ ಸ್ಟ್ಯಾಂಡು, ಸೀಟು, ಬಾರ್ ಟೇಪುಗಳಿಗೆ ನಾನು ಆ ಮಾತು ಹೇಳುವುದಿಲ್ಲ.

ಕೂರಿಸುವಾಗ ಎರಡು ಗುರುತು ಸಾಕು. ದೊಡ್ಡ ರಿಂಗ್‌ನ ಹೊರಮೈಯಲ್ಲಿ ಚಾಚಿಕೊಂಡ ಒಂದೇ ಒಂದು ಗೂಟವಿರುತ್ತದೆ, ಅದು ಕ್ರ್ಯಾಂಕ್ ತೋಳಿನ ಹಿಂದೆ ಬರಬೇಕು. ಚೈನ್ ಹೊರಗೆ ಬಿದ್ದರೆ ತೋಳಿಗೂ ರಿಂಗ್‌ಗೂ ನಡುವೆ ಹೊಗದಂತೆ ಕಾಯುವುದು ಅದೇ. ಸಣ್ಣ ರಿಂಗ್ ಮೇಲಿನ ಗುರುತೂ ಅದೇ ತೋಳಿನ ನೇರಕ್ಕೆ. ಇದನ್ನು ತಪ್ಪಿಸಿ ಒಂದು ತೋಳು ಆಚೆ ಕೂರಿಸಿದರೆ ರಿಂಗ್ ಕೂರುತ್ತದೆ, ಬೋಲ್ಟೂ ಬಿಗಿಯುತ್ತದೆ, ಆದರೆ ಆ ಮೊಳೆ-ಬಾಗಿಲುಗಳ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಹೊಸ ರಿಂಗ್ ಮೇಲೆ ಹಳೆಯ ಚೈನ್ ಓಡಿಸಬಾರದು. ಚೈನಿನ ಒಂದು ಪಿನ್ನಿನ ನಡುವಿಗೆ ಸ್ಕೇಲಿನ ಸೊನ್ನೆ ಹಿಡಿದರೆ ಮುಂದಿನ 24ನೇ ಪಿನ್ನು ಸರಿಯಾಗಿ 12 ಇಂಚಿಗೆ ಬರಬೇಕು. ಇಂಚಿನ ಹದಿನಾರನೇ ಒಂದು ಭಾಗ ಆಚೆ ಹೋಗಿದ್ದರೆ ಚೈನ್ ಬದಲಿಸಿ. ಎಂಟನೇ ಒಂದು ಭಾಗ ಹೋಗಿದ್ದರೆ ಹಿಂದಿನ ಹಲ್ಲುಚಕ್ರಗಳೂ ಅದರ ಜೊತೆ ಹೋಗಿವೆ ಎಂದು ತಿಳಿಯಿರಿ. ಇನ್ನು, ರಿಂಗ್‌ಗೆ ದುಡ್ಡು ಸುರಿಯುವ ಮೊದಲು ಕೇಬಲ್ ನೋಡುವುದು ಒಳ್ಳೆಯದು. ತುಕ್ಕು ಹಿಡಿದ ಕೇಬಲ್ಲಿನ ತಪ್ಪು ರಿಂಗ್ ತಲೆಗೆ ಬರುವುದುಂಟು. ಕಡೆಗೆ ಸವಾರನ ಪಾಲಿನ ಕೆಲಸ: ಗೇರ್ ಒತ್ತುವ ಆ ಅರ್ಧ ಸುತ್ತು ತುಳಿತ ಹಗುರ ಮಾಡಬೇಕು, ಕಾಲು ನಿಲ್ಲಿಸಬಾರದು.

ತಾಲ್ಲೂಕಿನ ಸೈಕಲ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಹೀರೊ, ಅಟ್ಲಾಸ್‌ನಂಥ ಸಾದಾ ಸೈಕಲ್ಲಿನ ದಪ್ಪ ಚೈನಿಗೆ ಹೊಂದುವ ಚೈನ್‌ವೀಲ್. ರಸ್ತೆ ಸೈಕಲ್ಲಿನ ರಿಂಗನ್ನು ಬಹುತೇಕ ಹೊರಗಿನಿಂದಲೇ ತರಿಸಬೇಕು, ತಪ್ಪಾಗಿ ಬಂದರೆ ವಾಪಸು ಕಳಿಸುವ ಗೋಳು ಬೇರೆ. ಆದ್ದರಿಂದ ಆರ್ಡರ್ ಮಾಡುವ ಮೊದಲು ಹಳೆಯ ರಿಂಗ್‌ಗಳನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಎರಡೂ ಮೈಯ ಬರಹ ಓದುವಂತೆ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಕ್ರ್ಯಾಂಕ್ ಒಳಬದಿಯ ಸಂಖ್ಯೆಯದೂ ಒಂದು ಇರಲಿ. ಮಾರುವವರಿಗೆ ಆ ಫೋಟೊಗಳನ್ನು ಕಳಿಸಿ, ‘ಇದೇ ಜೋಡಿ ಬೇಕು’ ಎಂದು ಕೇಳಿ. ಒಂದೇ ಸವೆದಿದ್ದರೂ ಕೈಲಾದರೆ ಎರಡನ್ನೂ ಒಟ್ಟಿಗೆ ತರಿಸಿ.